ಡಿಪ್ಪು

ತೊಂಬತ್ತೆಂಟರ ಜೆನ್ನು. ಬಣ್ಣ ಕಾಗದದ ಮೇಲೆ ಬೆಳ್ಳಿ,
ಬಿಸಿಲಿಗೆ ನಿಂತೂ ನಿಂತೂ ಈಗ ಅಲ್ಯೂಮಿನಿಯಂ ತಪ್ಪಲೆ.
ಊರವರ ಜೀವಕ್ಕೆಲ್ಲ ವಿಮೆ ಮಾಡಿಸಿ
ಆ ಕಮಿಷನ್ನಿನಲ್ಲಿ ಕೊಂಡದ್ದು.
ಹಾಗಾಗಿ ಮಾತಾಡುವ ಹಕ್ಕು ನನಗಿದೆ.

ಹದಡಿ ರಸ್ತೆಯ ದಾದಾಪೀರ್ ಬಾನೆಟ್ಟು ಎತ್ತಿದರೆ
ಮೊದಲು ಕಿವಿ ಕೊಡುತ್ತಾನೆ, ಆಮೇಲೆ ಕೈ.
"ಅಕ್ಕಾ, ಟ್ಯಾಪೆಟ್ಟು ಕೆಮ್ತಾ ಐತೆ" ಅನ್ನುತ್ತಾನೆ
ಕೂಸಿನ ಎದೆಗೂಡಿನ ಸುದ್ದಿ ಹೇಳಿದ ಹಾಗೆ.
ಮೊನ್ನೆ ಯಾರದೋ ಹೊಸ ಗಾಡಿ ಬಂದಿತ್ತು.
ಬಾನೆಟ್ಟಿನ ಕೆಳಗೆ ಮತ್ತೊಂದು ಮುಚ್ಚಳ,
ಕಪ್ಪು ಪ್ಲಾಸ್ಟಿಕ್ಕು, ಅದರ ಮೇಲೆ ಕಂಪನಿಯ ಹೆಸರು.
ಸ್ಪಾನರು ಹಿಡಿದು ಒಂದು ಪ್ರದಕ್ಷಿಣೆ ಬಂದ,
ಮಾಲೀಕನಿಗೆ ಚಾ ಕುಡಿಸಿ ಕಳಿಸಿದ.

ಈಗಿನ ಕಾರುಗಳಿಗೆಲ್ಲ ಸಿಟ್ಟು. ಗಮನಿಸಿದ್ದೀರಾ?
ಹುಬ್ಬು ಗಂಟಿಕ್ಕಿದ ದೀಪ, ಹಲ್ಲು ಕಿರಿದ ಗ್ರಿಲ್ಲು.
ಅರುಣಾ ಟಾಕೀಸಿನ ಸಿಗ್ನಲ್ಲಿನಲ್ಲಿ ಕನ್ನಡಿ ತುಂಬ
ಹಿಂದಿನ ಗಾಡಿ ನುಂಗಲು ಬಂದ ಹಾಗಿರುತ್ತದೆ.
ಒಳಗೆ ನೋಡಿದರೆ ನಮ್ಮ ಹಲ್ಲಿನ ಡಾಕ್ಟರು.
ಪಾಪ, ನಮಸ್ಕಾರ ಮಾಡುತ್ತಾರೆ.

ಏಪ್ರಿಲ್ಲಿನ ದಾವಣಗೆರೆಗೆ ಸನ್‌ರೂಫು ಯಾಕೆ
ಅಂತ ಕೇಳಿದೆ, ನಮ್ಮ ಓರಗಿತ್ತಿ ಸರ್ವಮಂಗಳೆಯನ್ನು.
"ಇರ್ಲಿ ಬಿಡು" ಅಂದಳು.
ಅಷ್ಟು ದುಡ್ಡು ಸುರಿದು ಮಾಡಿಗೆ ಕಿಂಡಿ ಕೊರೆಸಿ
ಈಗ ಒಳಗಿಂದ ಟವೆಲ್ಲು ಸಿಕ್ಕಿಸಿದ್ದಾಳೆ.
ಅವಳ ಗಾಡಿಯಲ್ಲಿ ಫ್ಯಾನು ಸಣ್ಣ ಮಾಡಲು
ಪರದೆಯ ಮೇಲೆ ಮೂರು ಪುಟ ತಿರುವಬೇಕು.
ಗುಂಡಿ ಅನ್ನುವುದು ಬೆರಳಿಗೆ ಗೊತ್ತಿರುವ ವಸ್ತು, ಸ್ವಾಮಿ.
ಕಣ್ಣು ರಸ್ತೆಗೆ, ಬೆರಳು ಗುಂಡಿಗೆ,
ಹೀಗೆ ಹಂಚಿಕೊಂಡು ಬಾಳುತ್ತಿದ್ದೆವು.
ಈಗ ಗುಂಡಿ ಉಳಿದಿರುವುದು ರಸ್ತೆಯಲ್ಲಿ ಮಾತ್ರ.

ಲೇನು ದಾಟಿದರೆ ಸ್ಟೇರಿಂಗು ನಡುಗುತ್ತದಂತೆ, ಎಚ್ಚರಿಕೆಗೆ.
ಮಂಡಿಪೇಟೆಯಲ್ಲಿ ಲೇನು!
ಮೆಣಸಿನಕಾಯಿ ಚೀಲ, ತಳ್ಳುಗಾಡಿ, ಮಲಗಿದ ಎಮ್ಮೆ,
ಎದುರು ದಿಕ್ಕಿನಿಂದ ತನ್ನದೇ ಸರಿ ಅಂತ ಬರುವ ಆಟೋ.
ಆ ಸ್ಟೇರಿಂಗಿಗೆ ಚಳಿಜ್ವರವೇ ಬರಬೇಕು.

ಇಷ್ಟೆಲ್ಲ ಅಂದಮೇಲೆ ಒಂದು ಮಾತು ನುಂಗಿಕೊಂಡರೆ ಮೋಸ.
ಭರಮಸಾಗರದ ಹತ್ತಿರ, ಬೆಳಗಿನ ಜಾವ,
ದಾದಾಪೀರನ ಮಗ ಮುಸ್ತಾಕ್ ಓಡಿಸುತ್ತಿದ್ದ ಹೊಸ ಕಾರು
ಎರಡು ಸಲ ಮಗುಚಿ ಮೆಕ್ಕೆಜೋಳದ ಹೊಲದಲ್ಲಿ ಕೂತಿತು.
ಉಬ್ಬಿ ಒಡೆದ ಚೀಲದ ಬಿಳಿ ಪುಡಿ ಮುಖಕ್ಕೆಲ್ಲ ಮೆತ್ತಿಕೊಂಡು
ಹುಡುಗ ಎದ್ದು ಬಂದ, ಒಂದು ಚಪ್ಪಲಿ ಹುಡುಕುತ್ತಾ.
ಅವನ ಪಾಲಿಸಿ ಮಾಡಿಸಿದವಳು ನಾನು.
ಕ್ಲೇಮಿನ ಕಾಗದದಲ್ಲಿ ಯಾವ ಕಾಲಂ ಎಲ್ಲಿದೆ,
ನನಗೆ ಬಾಯಿಪಾಠ.
ಅವತ್ತು ನನ್ನ ಜೆನ್ನಿನ ಬಾಗಿಲು ತಟ್ಟಿ ನೋಡಿದೆ.
ಬಿಸ್ಕತ್ತು ಡಬ್ಬಿಯ ಶಬ್ದ.
ದಾದಾಪೀರ್ ಕೇಳಿಸಿಕೊಂಡ. ಇಬ್ಬರೂ ಏನೂ ಅನ್ನಲಿಲ್ಲ.

ಆದರೂ ದೀಪದ ವಿಷಯಕ್ಕೆ ನಾನು ಸೋಲುವವಳಲ್ಲ.

ರಾತ್ರಿ ರಸ್ತೆಗೆ ಒಂದು ಭಾಷೆಯಿತ್ತು,
ಲಾರಿಯವರ ಹಿಂದೆ ಹಿಂದೆ ಹೋಗಿ ನಾನು ಕಲಿತದ್ದು.
ಡ್ರೈವರಿನ ಬಲಗೈ ಹೊರಗೆ ಬಂದು ಬೀಸಿದರೆ: ಹೋಗು ತಾಯಿ.
ಅಂಗೈ ಅಡ್ಡ ನಿಂತರೆ: ತಡಿ.
ಎದುರಿನವನು ಎರಡು ಸಲ ಮಿಟುಕಿಸಿದರೆ ಮುಂದೆ ಏನೋ ಇದೆ,
ಬಿದ್ದ ಮರವೋ, ಪೊಲೀಸರೋ.
ಡಿಪ್ಪು ಮಾಡುವುದಂತೂ
ಎತ್ತಿ ಕಟ್ಟಿದ ಪಂಚೆಯನ್ನು
ಹಿರಿಯರ ಎದುರು ಕೆಳಗೆ ಬಿಟ್ಟ ಹಾಗೆ.
ಈಗ ಎಲ್ಲರದೂ ಸುಣ್ಣದಂಥ ಬೆಳಕು, ಎಲ್ಲರದೂ ಮೇಲಕ್ಕೇ.

ಹೋದ ವಾರ ಹೊಳಲ್ಕೆರೆಯಲ್ಲಿ ಕಂತು ವಸೂಲಿ ಮುಗಿಸಿ
ದುರ್ಗದ ಕಡೆ ಬರುತ್ತಿದ್ದೆ, ರಾತ್ರಿ ಒಂಬತ್ತೂವರೆ.
ಗುಡ್ಡದ ಮೇಲೆ ಗಾಳಿಯಂತ್ರಗಳ ಕೆಂಪು ದೀಪ
ಹತ್ತುತ್ತಿತ್ತು, ಆರುತ್ತಿತ್ತು, ಯಾರಿಗೂ ಅಲ್ಲದೆ.
ಏಳು ಗಾಡಿ ಸಾಲಾಗಿ ಕಣ್ಣು ಕುಕ್ಕಿ ಹೋದವು.
ಏಳಕ್ಕೂ ಡಿಪ್ಪು ಮಾಡಿದೆ, ಬೈಯುತ್ತಲೇ.
ಎಂಟನೆಯದು ಅದಿರಿನ ಲಾರಿ, ಒಕ್ಕಣ್ಣಿನದು.
ನನ್ನ ಕಡೆಯ ದೀಪವೇ ಸತ್ತಿತ್ತು.
ಉಳಿದ ಒಂದನ್ನೂ ಅಷ್ಟು ದೂರದಿಂದಲೇ ತಗ್ಗಿಸಿದ, ಪುಣ್ಯಾತ್ಮ.
ಬೈಕು ಅಂದುಕೊಂಡಿದ್ದೆ.
ಹತ್ತಿರ ಬಂದಾಗ ಕತ್ತಲೆಯಿಂದ ಇಡೀ ಗೋಡೆ ಎದ್ದು ಬಂತು.
ಎಡ ಚಕ್ರ ಮಣ್ಣಿಗಿಳಿಸಿ ಹೇಗೋ ಉಳಿದುಕೊಂಡೆ.

ಗಾಳಿಯ ಹೊಡೆತಕ್ಕೆ ಜೆನ್ನು ತಗಡಾಗಿ ನಡುಗಿತು.
ಆಗಲೂ ನನ್ನ ಎಡಗೈ, ಕೇಳದೆ,
ಹಾರ್ನು ಒತ್ತಿತು, ಒಂದೇ ಸಲ, ಸಣ್ಣಗೆ.
ಬೈಗುಳಕ್ಕಲ್ಲ.