ಎಂಬತ್ತೇಳು

ಜೂನ್ ತಿಂಗಳ ಮೊದಲ ಸೋಮವಾರ
ಹಾಜರಿ ಪುಸ್ತಕ ತೆರೆದೆ: ಇಪ್ಪತ್ತಾರು ಹೆಸರು.
ಬೆಂಚಿನ ಮೇಲೆ ಒಂದು ನಾಯಿ.

ಬೊಲಿವಿಯಾದ ಕೆಳನಾಡಿನವಳು ನಾನು,
ಸಾಂತಾ ಕ್ರೂಸ್‌ನ ಸೆಕೆಯಲ್ಲಿ ಬೆಳೆದವಳು;
ಈ ನಾಲ್ಕು ಸಾವಿರ ಮೀಟರಿನ ಎತ್ತರದಲ್ಲಿ
ಶಾಲೆಯ ಮೂರು ಮೆಟ್ಟಿಲಿಗೇ ಏದುಸಿರು.
ನಾಯಿ ಎದ್ದು ಹೊರಟಿತು. ಅದರ ಹಿಂದೆ ನಾನು.

ಹೊಳೆಯಾಚೆಯ ಬಯಲಲ್ಲಿ ಸಿಕ್ಕಿದರು ಎಲ್ಲರೂ,
ಹುಲ್ಲು ಹಾಸಿ ಕಹಿ ಆಲೂಗಡ್ಡೆ ಹರವುತ್ತ,
ಗೋಲಿಯಷ್ಟು ಕೆಲವು, ಮೊಟ್ಟೆಯಷ್ಟು ಕೆಲವು,
ಒಂದರ ಮೈ ಇನ್ನೊಂದಕ್ಕೆ ತಾಗದ ಹಾಗೆ.
"ಇವತ್ತು ರಾತ್ರಿ ಹಿಮ ಕಚ್ಚುತ್ತೆ ಟೀಚರ್," ಎಂದಳು
ನಾಲ್ಕನೇ ತರಗತಿಯ ವಾರಾ, ಮೂಗು ಒರೆಸಿಕೊಳ್ಳುತ್ತ.
"ನಿನಗೆ ಹೇಗೆ ಗೊತ್ತು?"
"ಅಜ್ಜಿ ಆಕಾಶ ನೋಡಿದಳು. ಮೋಡ ಇಲ್ಲ, ಗಾಳಿ ಇಲ್ಲ."
ನನ್ನ ಚೀಲದಲ್ಲಿ ಹವಾಮಾನದ ಪಾಠವಿತ್ತು, ಪುಟ ನಲವತ್ತೊಂದು.
ಹೊರತೆಗೆಯಲು ನಾಚಿಕೆಯಾಯಿತು.

ಬೆಳಿಗ್ಗೆ ಗಡ್ಡೆಗಳೆಲ್ಲ ಕಲ್ಲು,
ಒಂದಕ್ಕೊಂದು ಬಡಿದರೆ ಟಕ್ಕೆನ್ನುವ ಕಲ್ಲು.
ಮಧ್ಯಾಹ್ನದ ಬಿಸಿಲಿಗೆ ಮೆತ್ತಗೆ. ರಾತ್ರಿ ಮತ್ತೆ ಕಲ್ಲು.
ನಾಲ್ಕನೇ ದಿನ ಅಜ್ಜಿ ನೆಮೆಸಿಯಾ
ಏಳು ಸುತ್ತಿನ ಲಂಗ ಮೊಣಕಾಲಿಗೆತ್ತಿ
ಬರಿಗಾಲಲ್ಲಿ ರಾಶಿಯ ಮೇಲೆ ನಿಂತಳು.
ಪಚಕ್. ಪಚಕ್.
ಗಡ್ಡೆಯ ಕಹಿ ನೀರು ಹುಲ್ಲಿಗೆ, ಸಿಪ್ಪೆ ಬೆರಳ ಸಂದಿಗೆ.
"ಏನು ನೋಡ್ತಾ ನಿಂತೆ? ಬೂಟು ಬಿಚ್ಚು."

ಬಿಚ್ಚಿದೆ.
ಐವತ್ತು ಹೆಜ್ಜೆಗೆ ಕಾಲು ನನ್ನದಲ್ಲ ಅನ್ನಿಸಿತು;
ಮಕ್ಕಳು ನಕ್ಕ ನಗೆ ಗುಡ್ಡಕ್ಕೆ ಬಡಿದು
ಎರಡನೇ ಸಲ ನಕ್ಕಿತು.

ಅಂಗಡಿಯ ತಕ್ಕಡಿ ಎರವಲು ತಂದೆ.
ಹಸಿಯಾಗಿದ್ದಾಗ ಹತ್ತು ಕಿಲೋ, ಒಣಗಿ ಚುನ್ಯೊ ಆದಮೇಲೆ ಎರಡೇ.
ಭಾಗಾಕಾರವೆಂದರೆ ಹೊಟ್ಟೆನೋವು ಬರುತ್ತಿದ್ದ ಎಲಿಸೆಯೊ
ತಕ್ಕಡಿಯೆದುರು ಕುಕ್ಕರಗಾಲಲ್ಲಿ ಕೂತು ಕೇಳಿದ:
"ಉಳಿದ ಎಂಟು ಕಿಲೋ ಯಾರು ತಿಂದರು?"
ಸ್ವಲ್ಪ ಹುಲ್ಲು, ಸ್ವಲ್ಪ ಗಾಳಿ, ಎಂದೆ.
"ಗಾಳಿಗೂ ತೂಕ ಇರುತ್ತಾ?"
ಮೂರು ದಿನ ಬೇರೆ ಪಾಠವೇ ನಡೆಯಲಿಲ್ಲ.

ಉಗ್ರಾಣದ ಕತ್ತಲಲ್ಲಿ ಚೀಲಗಳನ್ನು ತಟ್ಟುತ್ತ ಅಜ್ಜಿ:
ಇದು ವಾರಾ ಹುಟ್ಟಿದ ವರ್ಷದ್ದು,
ಇದು ಬಸ್ಸು ಮಗುಚಿದ ವರ್ಷದ್ದು,
ಇದು, ಎಂದು ನಿಲ್ಲಿಸಿ, ಮುಂದಕ್ಕೆ ಹೋದಳು.
ಅವಳ ಐಮಾರಾ ಮಾತಿನಲ್ಲಿ ಕಳೆದದ್ದು ಕಣ್ಣ ಮುಂದಿರುತ್ತದೆ,
ಬರುವುದು ಬೆನ್ನ ಹಿಂದೆ.
ನಮ್ಮ "ಹಿಂದೆ"ಯನ್ನು ಅವಳು ದಿನಾ
ನೋಡುತ್ತಲೇ ನಡೆಯುತ್ತಾಳೆ.

ಶಾಲೆಗಿದ್ದ ಒಂದೇ ಥರ್ಮಾಮೀಟರನ್ನು
ಅವಳ ಮಸಿಹಿಡಿದ ಪಾತ್ರೆಗೆ ಇಳಿಸಿದೆವು.
ನೀರು ಕೊತಕೊತ. ಪಾದರಸ ಎಂಬತ್ತೇಳಕ್ಕೆ ಬಂದು ನಿಂತಿತು.
ಎಲಿಸೆಯೊ ಲಾಮಾದ ಹಿಕ್ಕೆ ಬೊಗಸೆ ಬೊಗಸೆ ಒಲೆಗೆ ತುರುಕಿದ.
ಎಂಬತ್ತೇಳು.
"ಅದಕ್ಕೇ ಕಾಳು ಬೇಯೋಕೆ ಅರ್ಧ ದಿನ," ಅಜ್ಜಿ ಗೊಣಗಿದಳು,
ನಲವತ್ತು ವರ್ಷದಿಂದ ಗೊತ್ತಿದ್ದದ್ದಕ್ಕೆ
ಈಗಷ್ಟೇ ಹೆಸರಿಟ್ಟ ನಮ್ಮ ಮೇಲೆ ಸಿಡುಕಿ.
"ಇಲ್ಲಿ ಗಾಳಿಯ ತೂಕ ಕಮ್ಮಿ," ಎಂದಳು ವಾರಾ,
"ನೀರಿನ ಮೇಲೆ ಗಟ್ಟಿಯಾಗಿ ಕೂರೋದಿಲ್ಲ."

ಇದು ನವೆಂಬರ್.
ಪರೀಕ್ಷೆಯ ಹಿಂದಿನ ದಿನ ನಾನೇ ಹೇಳಿದ್ದೆ ತರಗತಿಯಲ್ಲಿ,
ಪ್ರಶ್ನೆಪತ್ರಿಕೆ ಜಿಲ್ಲೆಯಿಂದ ಬರುತ್ತದೆ,
ನೀರು ಎಷ್ಟಕ್ಕೆ ಕುದಿಯುತ್ತದೆ ಎಂದು ಕೇಳಿದರೆ
ಸುಮ್ಮನೆ ನೂರು ಎಂದು ಬರೆಯಿರಿ.
ಯಾರೂ ಏಕೆ ಎನ್ನಲಿಲ್ಲ. ನನ್ನ ಮುಖ ನೋಡಿದರು.

ಇಪ್ಪತ್ತೈದು ಹಾಳೆಗಳಲ್ಲಿ ನೂರು.
ಒಂದರಲ್ಲಿ ಎಂಬತ್ತೇಳು, ಕೆಳಗೆ ಪುಟ್ಟ ಅಕ್ಷರದಲ್ಲಿ
"ನಮ್ಮ ಪಾತ್ರೆಯಲ್ಲಿ."

ಕೆಂಪು ಪೆನ್ನು ಹಿಡಿದು ಕೂತಿದ್ದೇನೆ.
ನಾಯಿ ಬಾಗಿಲಲ್ಲಿ.
ಒಲೆಯ ಮೇಲೆ ಅಜ್ಜಿ ಕೊಟ್ಟ ಹಿಡಿ ಚುನ್ಯೊ,
ನಿನ್ನೆಯಿಂದ ನೆನೆದದ್ದು, ಸಂಜೆಯಿಂದ ಕುದಿಯುತ್ತಿದೆ.
ಚುಚ್ಚಿ ನೋಡಿದೆ.
ಇನ್ನೂ ಬೆಂದಿಲ್ಲ.