ತೇಲುವುದನ್ನು ತೆಗೆಯುವುದು

ತಾರಿಯೆರೆಗೆ ಏಳು ವರ್ಷವಾದಾಗ
ಅವಳಮ್ಮ ಕಲಿಸಿದ್ದು ಇಷ್ಟೆ:
ಅಂಗೈ ಮಲಗಿಸು, ನೀರನ್ನು ಕೆಣಕಬೇಡ,
ತೇಲುವುದನ್ನಷ್ಟೇ ಕರೆದುಕೊಂಡು ಬಾ.

ತಾಳೆಹಣ್ಣು ಬೇಯಿಸಿ, ಒನಕೆಯಲ್ಲಿ ಕುಟ್ಟಿ,
ನಾರು ಬೀಜ ಎಲ್ಲ ಹಳೇ ದೋಣಿಯೊಂದಕ್ಕೆ ಸುರಿದು
ಮೊಣಕಾಲುದ್ದ ನೀರು ಬಿಟ್ಟು ತುಳಿದರೆ
ಕೆಂಪು ನೊರೆ ತಾನಾಗಿ ಮೇಲೇಳುತ್ತಿತ್ತು.
ಹೆಂಗಸರ ಸಾಲು, ಕೈಗಳ ಸಾಲು,
ಬೆರಳಂಚಿನಿಂದ ಗಡಿಗೆಯ ಬಾಯಿಗಿಳಿಯುವ
ಸಂಜೆ ಬಣ್ಣದ ಎಣ್ಣೆ.
ಆಮೇಲೆ ಒಲೆ. ಉಳಿದ ನೀರು ಚಟಪಟ ಜಗಳಾಡಿ
ಆವಿಯಾಗಿ ಹೋದಾಗ ಗಡಿಗೆ ಸುಮ್ಮನಾಗುತ್ತದೆ.
ಆ ಮೌನಕ್ಕೆ ಕಿವಿಗೊಟ್ಟು ಇಳಿಸಬೇಕು.
ಒಂದು ಉಸಿರು ತಡವಾದರೆ ಸೀದುಹೋಯಿತು.

ಈಗ ಅವಳಿಗೆ ಅರವತ್ತಮೂರು.
ನೈಜರ್ ನದಿ ನೂರು ಕವಲಾಗಿ ಕಡಲಿಗೆ ಜಾರುವಲ್ಲಿ
ಕಾಂಡ್ಲಾ ಬೇರುಗಳ ನಡುವೆ
ಕಪ್ಪೆಣ್ಣೆ ಬಂದು ನಿಂತ ಬೆಳಿಗ್ಗೆ
ಅವಳು ಮೊದಲು ನೋಡಿದ್ದು ತನ್ನ ಅಂಗೈಯನ್ನು.

ಕೊಳವೆ ಒಡೆದದ್ದು ಮಂಗಳವಾರ.
ಕಂಪನಿಯ ದೋಣಿ ಬಂದದ್ದು ಮುಂದಿನ ಸೋಮವಾರ,
ಹಳದಿ ತೇಲುಬೇಲಿ, ಬಿಳಿ ಹೀರುಬಟ್ಟೆ,
ಜೊತೆಗೆ ಸಹಿ ಹಾಕಲು ಒಂದು ಕಾಗದ.
ಅಷ್ಟರಲ್ಲಿ ಹೆಂಗಸರು ದಿಂಬು ಹರಿದಿದ್ದರು.
ಬೂರುಗದ ಹತ್ತಿ! ನೀರಿಗೆ ಹಾಕಿದರೂ ಒಣಗಿಯೇ ಇರುತ್ತದೆ,
ಎಣ್ಣೆ ಕಂಡರೆ ಹಸಿದ ಮಗುವಿನ ಹಾಗೆ.
ಮದುವೆಗೆ ಹೊಲಿದ ದಿಂಬು,
ಸತ್ತ ಗಂಡನ ತಲೆಯ ಕುಳಿ ಹಾಗೇ ಉಳಿದಿದ್ದ ದಿಂಬು,
ಎಲ್ಲ ಮೀನುಬಲೆಗೆ ತುಂಬಿ, ಹಾವಿನಂತೆ ಹೊಲಿದು
ತೊರೆಗೆ ಅಡ್ಡ ಕಟ್ಟಿದರು.
ಆ ರಾತ್ರಿ ಊರೆಲ್ಲ ತೋಳಿನ ಮೇಲೆ ತಲೆಯಿಟ್ಟು
ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಕಾಯಿತು.
ಮಾತಿಗೆ ಅಂದದ್ದಲ್ಲ.
ಗಾಳಿಯಲ್ಲೇ ಇತ್ತು ಅದು, ರೆಪ್ಪೆಗೆ ಅಂಟುತ್ತಿತ್ತು.

ಮೊಮ್ಮಗ ಪೆರೆಬೋ, ಪೋರ್ಟ್ ಹಾರ್ಕೋರ್ಟಿನಲ್ಲಿ ರಸಾಯನ ಓದುವವನು,
ಅಜ್ಜಿಯ ಮರಗೆಣಸಿನ ಹಿಟ್ಟಿನ ಜರಡಿ ಕದ್ದ.
ತಂತಿಯ ಕಣ್ಣುಗಳಿಗೆ ಮೇಣ ಸವರಿ, ದೀಪದ ಕಾಡಿಗೆ ಹಿಡಿಸಿ
"ನೋಡು, ಕೆಸುವಿನೆಲೆಯ ಬುದ್ಧಿ ಇದಕ್ಕೆ ಬಂತು" ಅಂದ.
ಸುರಿದರೆ ಎಣ್ಣೆ ಸಾವಕಾಶ ಕೆಳಗಿಳಿಯಿತು,
ನೀರು ಮೇಲೆ ಗುಂಡಗೆ ಕೂತಿತು,
ಒಳಗೆ ಕರೆಯದ ನೆಂಟನ ಹಾಗೆ.
ಅಜ್ಜಿ ನಕ್ಕಳು, ಎಂಟು ದಿನದಲ್ಲಿ ಮೊದಲ ಸಲ.
"ಜರಡಿ ಚಂದ. ತೊರೆ ಎಷ್ಟು ಅಗಲ?"

ಅವನು ಉತ್ತರ ಕೊಡಲಿಲ್ಲ.

ಕಷ್ಟವಾದದ್ದು ತೇಲುವ ಎಣ್ಣೆಯಲ್ಲ.
ದೋಣಿಗಳ ಮೋಟಾರು, ಉಬ್ಬರ, ಇಳಿತ
ಎಂಟು ದಿನ ಕಡೆದು ಕಡೆದು
ನೀರೊಳಗೆ ಎಣ್ಣೆ, ಎಣ್ಣೆಯೊಳಗೆ ನೀರು
ಕಂದು ಲೋಳೆಯಾಗಿ ಬೇರಿನ ಸಂದಿಯಲ್ಲಿ ಕೂತಿದೆ.
ಹತ್ತಿಗೂ ಒಲ್ಲೆ, ಜರಡಿಗೂ ಒಲ್ಲೆ.
ಎಂದೂ ಸೇರದ ದಾಯಾದಿಗಳು ಅಂದುಕೊಂಡಿದ್ದೆವು;
ಬಹಳ ಕಾಲ ಕದಡಿದರೆ
ಯಾವುದು ಯಾರದು ಎಂದು ಅವಕ್ಕೇ ಮರೆಯುತ್ತದೆ.
ಕಾಯಿಸಿದರೆ ಬಿಡುತ್ತದೆ, ಅದು ತಾರಿಯೆರೆಗೆ ಗೊತ್ತು.
ತೊರೆಯನ್ನು ಇಡುವಷ್ಟು ದೊಡ್ಡ ಒಲೆ ಯಾರ ಮನೆಯಲ್ಲಿದೆ?

ಕಂಪನಿಯವ ಗಾಜಿನ ಶೀಸೆ ಎತ್ತಿ ಹಿಡಿದ:
"ನೋಡಮ್ಮಾ, ತಿಳಿಯಾಗಿದೆ."
ಅವಳು ಮೂಸಿದಳು. ಒಂದು ಹನಿ ನಾಲಿಗೆಗಿಟ್ಟು ಉಗುಳಿದಳು.
"ಮೇಲಿನದು ತೆಗೆದಿದ್ದೀಯ. ಸರಿ.
ಕೆಳಗಿರುವುದು ನೀರೇ ಅಂತ ನೀನು ಕುಡಿದು ಹೇಳು."
ಅವನು ಗಡಿಯಾರ ನೋಡಿಕೊಂಡ.

ಸಂಜೆ ಬೂದಿ, ನಿಂಬೆ ಹಚ್ಚಿ ಕೈ ಉಜ್ಜಿಕೊಂಡು
ಹಿತ್ತಲ ತಾಳೆಯ ಒಂದು ಗೊನೆ ಬೇಯಿಸಿದಳು.
ನೀರು ಮಳೆಯದು, ಡ್ರಮ್ಮಿನಲ್ಲಿ ಹಿಡಿದದ್ದು.
ಅಂಗೈ ಮಲಗಿಸಿದಳು.
ಕೆಂಪು ಮೇಲೆದ್ದು ಬಂತು,
ಬೆರಳ ಸಂದಿಯ ಕಪ್ಪು ಗೆರೆಗಳ ಪಕ್ಕದಲ್ಲೇ ಹಾದು
ಗಡಿಗೆಗಿಳಿಯಿತು.
ಒಲೆಯ ಮೇಲೆ ಚಟಪಟ.
ಅವಳು ಕಾಯುತ್ತಿದ್ದಾಳೆ, ಗಡಿಗೆಗೆ ಕಿವಿಗೊಟ್ಟು.
ಇನ್ನೂ ನಿಂತಿಲ್ಲ.