ಹದಿನಾಲ್ಕನೇ ಜಾಗ

ಶುಕ್ರವಾರ, ಜುಮ್ಮಾ ಮುಗಿದು ಎರಡು ತಾಸಿಗೆ
ಜೀಪುಗಳ ಬಾಲ ಹಿಡಿದು ಬರುತ್ತವೆ
ಬಿಳಿಯ ಮನೆಗಳು.
ಜಾಖರ್ ಕೆರೆಯ ದಂಡೆಯಲ್ಲಿ ನಿಂತು ಕೈ ಬೀಸುತ್ತೇನೆ:
ಹಿಂದೆ, ಹಿಂದೆ, ಇನ್ನೊಂಚೂರು, ಬಸ್.
ಚಕ್ರಕ್ಕೆ ಅಡ್ಡ ಕಲ್ಲು. ನೀರಿಗೆ ನೀಲಿ ಪೈಪು.
ಕರೆಂಟಿನ ವಯರು. ಮತ್ತೆ ಯಾರೂ ಹೆಸರೆತ್ತದ
ಬೂದು ಪೈಪು, ಅದೂ ನನ್ನ ಕೆಲಸವೇ.

ಈ ಕೆರೆಯನ್ನು ಯಾರೂ ತೋಡಲಿಲ್ಲ.
ಗುಲಾಂ ರಸೂಲ್ ಹೇಳುತ್ತಾನೆ: ಇದು ಊರು ಮಿಂದ ನೀರು,
ಅಲ್ ಐನಿನ ಬಚ್ಚಲು, ಪಾತ್ರೆ, ಪಾಯಿಖಾನೆ
ಸೋಸಿ, ತೊಳೆದು, ತೋಟಗಳಿಗೆ ಕುಡಿಸಿ
ಮಿಕ್ಕಿದ್ದನ್ನು ಮರಳಿಗೆ ಬಿಟ್ಟರಂತೆ.
ಮರಳಿಗೆ ಸಾಕಾಯಿತು.
ನೀರು ನಿಂತಿತು. ಮೊದಲು ಜೊಂಡು ಬಂತು,
ಆಮೇಲೆ ಮೀನು, ಯಾರು ತಂದರೋ,
ಆಮೇಲೆ ಒಂದು ಬೆಳಗ್ಗೆ ರಾಜಹಂಸಗಳು;
ಯಾರ ಮನೆಯ ನೀರೆಂದು ಕೇಳದೆ
ಕೊಕ್ಕು ತಲೆಕೆಳಗು ಮಾಡಿ ಊಟಕ್ಕೆ ಕೂತವು.
ಎಲ್ಲರ ಕೊನೆಗೆ ನಾವು, ರಸೀದಿ ಪುಸ್ತಕ ಹಿಡಿದು.

ನನ್ನ ಮನೆ ಹದಿನಾಲ್ಕನೇ ಜಾಗ.
ಅದೂ ಕಾರವಾನೇ. ಹುಟ್ಟಿದ್ದು ಜರ್ಮನಿಯಲ್ಲಂತೆ.
ಒಬ್ಬ ಮುದುಕ ತಂದು ನಿಲ್ಲಿಸಿ
ಮುಂದಿನ ವಾರ ಒಯ್ಯುತ್ತೇನೆ ಎಂದು ಹೋದ.
ಒಂಬತ್ತು ವರ್ಷದ ವಾರ.
ಟಯರುಗಳು ರೊಟ್ಟಿಯಾಗಿವೆ.
ಒಳಗೆ ಮಡಚುವ ಮೇಜು, ಮಡಚುವ ಮಂಚ,
ಮಡಚಿ ಮಡಚಿ ನಾನೂ ಅಷ್ಟಕ್ಕೇ ಆಗಿದ್ದೇನೆ.
ಕಿಟಕಿಗೆ ಯಾವುದೋ ಮಗು ಅಂಟಿಸಿದ ನೀಲಿ ತಿಮಿಂಗಿಲ,
ಬಿಸಿಲಿಗೆ ಅರ್ಧ ಮಾತ್ರ ಉಳಿದಿದೆ.

ಇವತ್ತು ಹದಿಮೂರಕ್ಕೆ ಬಂದದ್ದು ಬಾಡಿಗೆ ಗಾಡಿ.
ಗಂಡ ರಿವರ್ಸು ತಪ್ಪಿಸಿದ,
ಹೆಂಡತಿ ಇಳಿದು ಕನ್ನಡದಲ್ಲಿ ಬೈದಳು.
"ಎಡಕ್ಕೆ ಕಟ್ ಮಾಡಿ, ಎಡಕ್ಕೆ" ಎಂದೆ, ಕನ್ನಡದಲ್ಲೇ.
ಇಬ್ಬರೂ ಹಾಗೇ ನಿಂತುಬಿಟ್ಟರು,
ಬೈದದ್ದೆಲ್ಲ ಕೇಳಿಸಿತಲ್ಲಾ ಎಂದು.

ಪ್ರಫುಲ್ಲ ಕರ್ಕೇರ, ಮುಸಫ್ಫಾದ ಕ್ರೇನುಗಳ ಲೆಕ್ಕದವನು.
ವಿನುತಾ. ಮಗಳು ಧನ್ವಿ, ಎಂಟು ವರ್ಷ.
ಮೂರು ತಿಂಗಳು ಕೂಡಿಟ್ಟು ಕೊಂಡ ಎರಡು ರಾತ್ರಿ.
ಇದ್ದಲು, ಸೀಗಡಿಯ ಡಬ್ಬಿ, ಸೈಕಲ್ಲು, ರಬ್ಬರ್ ದೋಣಿ.
ಪಂಪು ಮಾತ್ರ ಮರೆತಿದ್ದರು.
ನನ್ನ ಟಯರಿನ ಪಂಪು ಕೊಟ್ಟೆ,
ನಾನು ಒಮ್ಮೆಯೂ ಒತ್ತದಿದ್ದದ್ದು.

ಸಂಜೆ ಹುಡುಗಿ ಕೇಳಿದಳು:
"ನಿಮ್ಮ ಮನೆಗೂ ಚಕ್ರ ಇದೆಯಲ್ಲ, ಎಲ್ಲೆಲ್ಲಿ ಹೋಗಿದ್ದೀರಿ?"
"ಇಲ್ಲಿಗೆ ಬಂದಿದ್ದೇನೆ."
ಅವಳಿಗೆ ಅದು ಸಾಲಲಿಲ್ಲ.

ಹಾಗಾಗಿ ಗೂಟಗಳನ್ನು ತೋರಿಸಿದೆ.
ಪ್ರತಿ ಚಳಿಗಾಲ ನೀರಂಚಿಗೆ ಒಂದು ಕಬ್ಬಿಣದ ಗೂಟ ಹೊಡೆಯುತ್ತೇನೆ.
ಮೊದಲನೆಯದು ಈಗ ಕೆರೆಯೊಳಗೆ ದೂರ,
ಅದರ ತುದಿಯಲ್ಲಿ ನೀರುಕಾಗೆಯೊಂದು ರೆಕ್ಕೆ ಒಣಗಿಸುತ್ತದೆ.
ಎಂಟನೆಯದರ ಪಾದ ಒದ್ದೆ.
"ನಾನು ಹೋಗುತ್ತಿಲ್ಲ ಮಗಾ, ಕೆರೆಯೇ ಬರುತ್ತಿದೆ."
ಗೂಟದಿಂದ ನನ್ನ ಮೆಟ್ಟಿಲಿಗೆ ಅಳೆದಳು:
ಇಪ್ಪತ್ತಾರು ಹೆಜ್ಜೆ. ಅವಳ ಹೆಜ್ಜೆ.
ನನ್ನದಾದರೆ ಹದಿನೈದಿರಬಹುದು, ಅಳೆದಿಲ್ಲ.

ರಾತ್ರಿ ತಟ್ಟೆಯೊಂದು ಬಂತು, ಸೀಗಡಿ, ಒಂದು ಕಡೆ ಕರಿದು ಕಪ್ಪು.
ಎರಡನೇ ಜಾವಕ್ಕೆ ಕರ್ಕೇರನೂ ಬಂದ, ನಾಚುತ್ತ:
ಟ್ಯಾಂಕು ತುಂಬಿದೆ, ಏನು ಮಾಡಬೇಕೋ ಗೊತ್ತಿಲ್ಲ.
ಟಾರ್ಚು ಅವನು ಹಿಡಿದ, ಪೈಪು ನಾನು.
ಇಬ್ಬರೂ ಮೂಗು ಮುಚ್ಚಿಕೊಳ್ಳಲಿಲ್ಲ, ಮರ್ಯಾದೆಗೆ.
"ಇದು ಎಲ್ಲಿಗೆ ಹೋಗುತ್ತೆ?" ಕೇಳಿದ.
ಕತ್ತಲಲ್ಲಿ ಮಿನುಗುವ ನೀರಿನತ್ತ ಗದ್ದ ಎತ್ತಿದೆ.
"ಸುತ್ತಿ ಬರುತ್ತೆ."

ಭಾನುವಾರ ನಸುಕಿಗೆ ಎಚ್ಚರವಾದದ್ದು
ಹಾವು ಬುಸುಗುಟ್ಟಿದಂಥ ಸದ್ದಿಗೆ.
ಕಿಟಕಿಯಲ್ಲಿ ನೋಡಿದರೆ ತಂದೆ, ಮಗಳು
ನನ್ನ ಹಿಂದಿನ ಟಯರಿಗೆ ಗಾಳಿ ಹೊಡೆಯುತ್ತಿದ್ದಾರೆ,
ಸರದಿಯಲ್ಲಿ, ಮಾತಿಲ್ಲದೆ.
ಬಿರುಕು ಬಿಟ್ಟ ರಬ್ಬರು ಹಿಡಿಯಲಾರದೆಂದು
ಕೂಗಿ ಹೇಳಬೇಕಿತ್ತು.
ಹೇಳಲಿಲ್ಲ.
ಮಡಚುವ ಮೇಜಿನ ಮೇಲೆ ನಿನ್ನೆಯ ಚಹಾ ಲೋಟ
ಒಂದು ಬೆರಳಿನಷ್ಟು
ಸರಿಯಿತು.

ಬುಧವಾರದ ತನಕ ಗಾಳಿ ನಿಂತಿತ್ತು.